ಹೊರಸಿನ ಬಸ್ಸು

ಹೋದ ತಿಂಗಳು ಸೊಲ್ಲಾಪುರದಲ್ಲಿ ಮೊಮ್ಮಗಳ ಶಾಲೆಯ ಪಾಲಕರ ಸಭೆಗೆ ಹೋಗಿದ್ದೆ. ತರುಣ ಮಾಸ್ತರರೊಬ್ಬರು ಎದ್ದು ನಿಂತು, ಮನೆಯಲ್ಲಿ ಬೇಡವಾದ ಡಬ್ಬಿ, ಬುಟ್ಟಿ, ಹಗ್ಗ, ಪಾತ್ರೆ ಏನಿದ್ದರೂ ತಂದುಕೊಡಿ, ಮಕ್ಕಳು ಬಯಲಿನಲ್ಲಿ ಅವುಗಳಿಂದ ಮನಸ್ಸಿಗೆ ಬಂದಂತೆ ಆಡಲಿ, ಇದು ಹೊಸ ಪದ್ಧತಿ ಎಂದರು. ಪಾಲಕರೆಲ್ಲ ತಲೆ ಆಡಿಸಿದರು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಎಪ್ಪತ್ತು ದಾಟಿದವರಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗುವುದಿಲ್ಲ, ಆದರೆ ಈ ಸಿಟ್ಟಿಗೆ ಕಾರಣವಿತ್ತು. ಅವರ ಹೊಸ ಪದ್ಧತಿಯಲ್ಲಿ ನಾನು ೧೯೫೭ರಲ್ಲೇ ಆಡಿದ್ದೇನೆ. ‘ಬೇಡವಾದದ್ದು ಕೊಡಿ’ ಎಂಬ ಮಾತಿನಿಂದ ಏನೇನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಅವರಿಗೆ ನಮ್ಮ ಶಾಲೆಯ ಶಿಕ್ಷಕಿ ಕಸ್ತೂರಬಾಯಿ ಬಾಯಾರ ಕಥೆ ಹೇಳಬೇಕೆಂದುಕೊಂಡೆ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಅವರು ಗಾಡಿ ಚಾಲೂ ಮಾಡಿಕೊಂಡು ಹೋಗಿಬಿಟ್ಟಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯಲ್ಲಿ, ಕುಂಭಾರಿ ದಾಟಿದ ಮೇಲೆ, ಡಾಂಬರು ರಸ್ತೆ ಬಿಟ್ಟು ಒಂದು ಮೈಲಿ ಒಳಗಿದೆ. ಊರಿನ ಕನ್ನಡ ಶಾಲೆ ಊರ ತುದಿಯಲ್ಲಿತ್ತು. ಎರಡು ಕೋಣೆ, ಮುಂದೆ ಒಂದು ಬೇವಿನ ಮರ, ಅದರ ಸುತ್ತ ಬಯಲು. ಡಾಂಬರು ರಸ್ತೆಗೆ ಹೋಗುವವರೆಲ್ಲ ಆ ಬಯಲಿನ ಬದಿಯಿಂದಲೇ ಹೋಗಬೇಕು. ೧೯೫೭ರ ಜೂನಿನಲ್ಲಿ ಸರಕಾರಿ ಎಸ್ಟಿ ಬಸ್ಸಿನಿಂದ ಇಳಿದು, ಕೈಯಲ್ಲಿ ಟ್ರಂಕು, ಕಂಕುಳಲ್ಲಿ ಛತ್ರಿ ಹಿಡಿದು ಕಸ್ತೂರಬಾಯಿ ಆ ದಾರಿಯಲ್ಲಿ ನಡೆದು ಬಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ನನಗೆ ಏಳು.

ಅವರು ಸೊಲ್ಲಾಪುರದ ಅರಿವೆ ವ್ಯಾಪಾರಿಗಳ ಮನೆಯ ಮಗಳು. ಹದಿನಾಲ್ಕಕ್ಕೆ ಮದುವೆ, ಹದಿನೇಳಕ್ಕೆ ಗಂಡ ಹೋದ. ತವರಿಗೆ ಮರಳಿ ಬಂದವರನ್ನು ಅಣ್ಣಂದಿರು ಚೆನ್ನಾಗಿಯೇ ನೋಡಿಕೊಂಡರು. ಅದನ್ನೇ ಅವರಿಗೆ ತಡೆದುಕೊಳ್ಳಲು ಆಗಲಿಲ್ಲವಂತೆ. “ಉಣ್ಣು ಅಂತಿದ್ರು, ಮಲಕೋ ಅಂತಿದ್ರು. ಏನಾರ ಮಾಡು ಅಂತ ಒಬ್ಬರೂ ಅನ್ನಲಿಲ್ಲ ಶಾರದಾ. ಅಟ್ಟದ ಮ್ಯಾಲಿನ ಹಳೇ ಸಾಮಾನ ಆಗಿದ್ದೆ” ಎಂದು ಬಹಳ ವರ್ಷಗಳ ಮೇಲೆ ನನಗೆ ಹೇಳಿದ್ದರು. ಮೂರು ದಿನ ಊಟ ಬಿಟ್ಟು ಕೂತ ಮೇಲೆ ದೊಡ್ಡಣ್ಣ ಶಂಕರೆಪ್ಪ ಶಿಕ್ಷಕಿಯರ ಟ್ರೇನಿಂಗಿಗೆ ಹೆಸರು ಹಚ್ಚಿಸಿದರು. ಹಟ ಎಂದರೆ ಅಂಥ ಹಟ. ಮುಂದೆ ಆ ಹಟದ ಲಾಭವೂ ನಮಗೆ ಸಿಕ್ಕಿತು, ಏಟೂ ಸಿಕ್ಕಿತು.

ಅವರಿಗೆ ಕೊಟ್ಟದ್ದು ಬಿನ್ನೆತ್ತಿ ಮತ್ತು ಒಂದನೆಯ ಇಯತ್ತೆ. ಬಿನ್ನೆತ್ತಿ ಎಂದರೆ ಇನ್ನೂ ಅಕ್ಷರ ಬಾರದ ಕೂಸುಗಳ ವರ್ಗ. ಎರಡೂ ಸೇರಿ ನಲವತ್ತು ಹುಡುಗರು, ಒಂದು ಸೋರುವ ಕೋಣೆ. ಮೊದಲ ವಾರವೇ ಬಾಯಾರು ನಮ್ಮನ್ನೆಲ್ಲ ಹೊರಗೆ ಬೇವಿನ ಮರದ ಕೆಳಗೆ ಕರೆತಂದರು. ಎರಡನೆಯ ವಾರ ಹೇಳಿದರು:

“ನಾಳಿ ಬರುಮುಂದ ಮನ್ಯಾಗ ಬ್ಯಾಡಾದದ್ದು, ಕೆಲಸಕ್ಕ ಬಾರದ್ದು ಏನೈತಿ, ಕೇಳಿ ತಗೊಂಡು ಬರ್ರಿ. ಒಡದದ್ದು, ಹರದದ್ದು, ಮುರದದ್ದು ಎಲ್ಲಾ ನಡೀತದ. ಆಟ ಆಡೂಣು.”

ನಮ್ಮ ತಾಯಂದಿರಿಗೆ ಹಬ್ಬವೇ ಆಯಿತು. ಯಾವ ಹೆಂಗಸಿನ ಮನೆಯಲ್ಲಿ ಬೇಡವಾದದ್ದು ಇರುವುದಿಲ್ಲ? ತಳ ಹೋದ ಬುಟ್ಟಿ ಬಂತು, ಚಿಮಣಿ ಎಣ್ಣೆಯ ಡಬ್ಬಿ ಬಂತು, ಗಾಜಿಲ್ಲದ ಕಂದೀಲು, ಹಿಡಿಕೆ ಹೋದ ಕಡಗೋಲು, ಜಾಳಿಗೆ ಹರಿದು ಬರೀ ಬಳೆ ಉಳಿದ ಸಾಣಿಗೆ, ಹರಿದ ಕೌದಿ ಬಂದವು. ಬಾಯಾರು ತಾವೂ ಮನೆಮನೆಗೆ ಹೋಗಿ ಕೇಳಿ ತಂದರು; ಅವರ ಅಣ್ಣನ ಅಂಗಡಿಯಿಂದ ಅರಿವೆ ಸುತ್ತುವ ಹಲಗೆಗಳು ಬಂದವು. ಮಾಡಿ ಎಂದು ಅವರು ಏನನ್ನೂ ತೋರಿಸಲಿಲ್ಲ. ಬಯಲಿನಲ್ಲಿ ರಾಶಿ ಹಾಕಿಸಿ, ತಾವು ಬೇವಿನ ಬುಡಕ್ಕೆ ಒರಗಿ, “ಹೂಂ” ಎಂದರು, ಅಷ್ಟೇ. ನಾವು ಒಂದು ದಿನ ಸುಮ್ಮನೆ ಬಡಿದೆವು. ಮರುದಿನ ಮನೆ ಕಟ್ಟಿದೆವು. ನಾಲ್ಕನೆಯ ದಿನಕ್ಕೆ ಸಂತೆ ಮಾಡಿದೆವು. ಸಂತೆಯಲ್ಲಿ ಬೆಂಡಿಕಾಯಿ ಎಣಿಸುತ್ತ ಎಣಿಸುತ್ತ ನಾನು ನೂರರವರೆಗೆ ಕಲಿತದ್ದು ನನಗೇ ಗೊತ್ತಾಗಲಿಲ್ಲ.

ದೊಡ್ಡ ವರ್ಗಗಳಿಗೆ ಕಲಿಸುತ್ತಿದ್ದ ಹೆಡ್‌ಮಾಸ್ತರರು ಬಸಯ್ಯನವರು. ಒಳ್ಳೆಯ ಮನುಷ್ಯ, ಆದರೆ ಬಯಲು ಕಂಡರೆ ಗುಡಿಸಬೇಕೆನ್ನುವ ಜಾತಿ. “ಬಾಯಾರ, ಇದು ಸಾಲಿಯೋ ತಿಪ್ಪಿಯೋ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. “ಎರಡರಾಗೂ ಬೆಳಿ ಬರ್ತದರಿ ಮಾಸ್ತರ” ಎಂದು ಬಾಯಾರು ದಿನಕ್ಕೊಮ್ಮೆ ಹೇಳುತ್ತಿದ್ದರು.

ನಮ್ಮ ವರ್ಗದಲ್ಲಿ ಹಿರಾಬಾಯಿ ಎಂಬ ಹುಡುಗಿ ಇದ್ದಳು. ಹಳ್ಳದಾಚೆಯ ಕೇರಿಯ ದುರ್ಗಪ್ಪನ ಮಗಳು. ಕೋಣೆಯೊಳಗೆ ಬಾಗಿಲ ಹತ್ತಿರ ಬೇರೆ ಗೋಣಿಚೀಲ ಹಾಸಿ ಕೂಡುತ್ತಿದ್ದಳು. ಹಾಗೆ ಕೂಡು ಎಂದು ಆಕೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ; ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಬಾಯಾರು ಬಂದ ಮೊದಲ ದಿನವೇ ಆ ಗೋಣಿಚೀಲ ಎತ್ತಿ ನನ್ನ ಪಕ್ಕಕ್ಕೆ ಹಾಕಿದರು. ನಾನು ಸರಿದು ಕೂತೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಸರಿದು ಕೂತದ್ದು ನಿಜ.

ದುರ್ಗಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಅವನೂ ಅವನ ಕೇರಿಯವರೂ ಬೌದ್ಧರಾಗಿದ್ದರು. ಆವತ್ತಿನಿಂದ ಸತ್ತ ದನ ಎಳೆಯುವುದನ್ನು ಬಿಟ್ಟರು, ಮನೆಮನೆಯ ಮುಂದೆ ನಿಂತು ಉಳಿದ ರೊಟ್ಟಿ ತೆಗೆದುಕೊಳ್ಳುವುದನ್ನು ಬಿಟ್ಟರು. ಊರವರಿಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ನಮ್ಮ ಮನೆಗಂತೂ ಶ್ರಾವಣದಲ್ಲಿ ಅರ್ಥವಾಯಿತು.

ಶ್ರಾವಣದಲ್ಲಿ ನಮ್ಮ ಅಜ್ಜ ತೀರಿಕೊಂಡ. ಆರು ತಿಂಗಳು ಹೊರಸಿನ, ಅಂದರೆ ಹಗ್ಗದ ಮಂಚದ ಮೇಲೆ ಮಲಗಿದ್ದವನು ಆ ಹೊರಸಿನ ಮೇಲೆಯೇ ಜೀವ ಬಿಟ್ಟ. ಜೀವ ಹೋದ ಹೊರಸನ್ನು ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊರಗೆ ಇಡುತ್ತಾರೆ, ಕೇರಿಯವರು ಬಂದು ಒಯ್ಯುತ್ತಾರೆ. ಅದು ಅವರ ಹಕ್ಕು ಎಂದು ನಮ್ಮವರು ಹೇಳುತ್ತಿದ್ದರು. ಆಯಿ, ಅಂದರೆ ನನ್ನ ತಂದೆಯ ತಾಯಿ ಮಲಕಮ್ಮ, ಹೊರಸನ್ನು ಗೋಡೆಯಾಚೆ ಇಡಿಸಿ ದುರ್ಗಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದ. ಅಂಗಳದ ಹೊರಗೆ ನಿಂತ, ಆದರೆ ನೆಟ್ಟಗೆ ನಿಂತ.

“ಅವ್ವಾರ, ಇನ್ನ ಮ್ಯಾಲ ಸತ್ತವರ ಹೊರಸು, ಅರಿವಿ ನಾವು ಒಯ್ಯಂಗಿಲ್ರಿ. ಸಿಟ್ಟೀಲೆ ಹೇಳಾಕತ್ತಿಲ್ಲ. ಗೊತ್ತಿರಲಿ ಅಂತ ಹೇಳಾಕತ್ತೀನಿ.”

ಆಯಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಯಿತು. ಒಯ್ಯುವವರು ಒಲ್ಲೆ ಎಂದರೆ ಆ ಹೊರಸನ್ನು ಏನು ಮಾಡಬೇಕು? ಒಳಗೆ ತರುವಂತಿಲ್ಲ, ನಮ್ಮವರು ಮುಟ್ಟುವಂತಿಲ್ಲ. ಹದಿನೈದು ದಿನ ಅದು ಗೋಡೆಗೆ ಒರಗಿ ಮಳೆಯಲ್ಲಿ ನೆನೆಯಿತು. ಆಯಿ ಆ ಕಡೆಯ ಬಾಗಿಲು ತೆರೆಯುವುದನ್ನೇ ಬಿಟ್ಟಳು.

ಹದಿನಾರನೆಯ ದಿನ ಕಸ್ತೂರಬಾಯಿ ಆ ದಾರಿಯಲ್ಲಿ ಬಂದರು. ಪ್ಯಾಟಿಯಲ್ಲಿ ಬೆಳೆದವರು. ಹೊರಸು ಹೊರಗೆ ಯಾಕಿದೆ ಎಂದು ಅವರಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. “ಅಜ್ಜೀ, ಈ ಹೊರಸು ಬ್ಯಾಡಾದ್ರ ಸಾಲಿಗೆ ಕೊಡ್ತೀರೇನ್ರಿ?” ಎಂದರು. ಆಯಿ ಒಂದು ಗಳಿಗೆ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. “ಒಯ್ರಿ, ಒಯ್ರಿ. ಅಗದೀ ಗಟ್ಟಿ ಐತಿ” ಎಂದಳು. ನಾನು ಏನೋ ಹೇಳಹೋದೆ. ಆಯಿ ನನ್ನ ರಟ್ಟೆ ಚಿವುಟಿದಳು. ಆ ಚಿವುಟಿಗೆ ನಾನು ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಹೊರಸು ಬಯಲಿಗೆ ಬಂದ ಗಳಿಗೆಗೇ ಬಸ್ಸಾಯಿತು. ಯಾರೂ ಹೇಳಬೇಕಾಗಲಿಲ್ಲ. ಆಗ ನಮ್ಮ ಕಡೆ ಎಸ್ಟಿ ಬಸ್ಸಿನಷ್ಟು ದೊಡ್ಡ ಸಂಗತಿ ಬೇರೆ ಇರಲಿಲ್ಲ. ತಳ ಹೋದ ಬುಟ್ಟಿಗಳು ಗಾಲಿಗಳಾದವು. ಸಾಣಿಗೆಯ ಬಳೆ ಸ್ಟಿಯರಿಂಗ್ ಆಗಿ ಡ್ರೈವರನ ಕೈಗೆ ಬಂತು. ಕಡಗೋಲು ಗಿಯರಾಯಿತು. ಎರಡು ಕಂದೀಲು ಮುಂದಿನ ದೀಪ. ನಾಲ್ಕು ಕೋಲು ನಿಲ್ಲಿಸಿ ಮೇಲೆ ಕೌದಿ ಕಟ್ಟಿದೆವು. ಬೇವಿನ ಎಲೆಯೇ ತಿಕೀಟು. ಜಟ್ಟೆಪ್ಪ ಎಂಬ ಹುಡುಗ ಹೆಗಲಿಗೆ ತನ್ನ ಪಾಟಿಚೀಲ ಹಾಕಿಕೊಂಡು ಕಂಡಕ್ಟರನಾದ. ಸೊಲ್ಲಾಪುರ, ಕುಂಭಾರಿ, ಅಕ್ಕಲಕೋಟ ಎಂದು ಕೂಗುತ್ತಿದ್ದ. ಕೊರತೆ ಎಂದರೆ ಗಂಟೆಯದು. ಒಂದು ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ನಾವು ಡಬ್ಬಿ ಬಡಿದು ನೋಡಿದೆವು, ತೆಂಗಿನ ಚಿಪ್ಪು ಬಡಿದು ನೋಡಿದೆವು. ಎರಡಕ್ಕೂ ಗಾಡಿ ಹೊರಟಂತೆ ಅನ್ನಿಸಲಿಲ್ಲ.

ಈ ಗದ್ದಲದಲ್ಲಿ ಹಿರಾ ಮಾತ್ರ ದೂರ ಒಂದು ಕಲ್ಲಿನ ಮೇಲೆ ಕೂತಿರುತ್ತಿದ್ದಳು. ಮೊದಲ ದಿನದಿಂದಲೂ ಹಾಗೆಯೇ. ಬುಟ್ಟಿ ಮುಟ್ಟಲಿಲ್ಲ, ಡಬ್ಬಿ ಮುಟ್ಟಲಿಲ್ಲ. ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ನೋಡುತ್ತಿದ್ದಳು. ಎಷ್ಟು ಆಸೆಯಿಂದ ನೋಡುತ್ತಿದ್ದಳೆಂದರೆ, ಜಟ್ಟೆಪ್ಪ ಒಂದು ಊರು ಮರೆತರೆ ಅವಳ ತುಟಿ ಅಲ್ಲಾಡುತ್ತಿತ್ತು. ಹುಡುಗರು ಇವಳನ್ನು ಸೇರಿಸಿಕೊಳ್ಳುತ್ತಿಲ್ಲ ಎಂದು ಬಾಯಾರು ತಿಳಿದರು. ಒಂದು ದಿನ ಅವರ ಸಿಟ್ಟು ನೆತ್ತಿಗೇರಿತು. ಜಟ್ಟೆಪ್ಪನ ಕಿವಿ ಹಿಂಡಿದರು.

“ನಾ ಬ್ಯಾಡ ಅಂದಿಲ್ರಿ ಬಾಯಾರ!” ಎಂದು ಅವನು ಅತ್ತ. “ಎಸ್ಟಿ ಗಾಡ್ಯಾಗ ಎಲ್ಲಾರೂ ಕುಂಡ್ರತಾರ. ತಿಕೀಟ ತಗೊಂಡ್ರ ಮುಗೀತು. ಆಕೀನ ಹತ್ತವಲ್ಲಳ್ರಿ.”

ಅವನು ಹೇಳಿದ್ದು ನಿಜ. ಶಾಲೆಯೊಳಗೆ ಸರಿದು ಕೂಡುತ್ತಿದ್ದ ನಾವೇ ಬಸ್ಸಿನ ಆಟದಲ್ಲಿ ಸರಿಯುತ್ತಿರಲಿಲ್ಲ. ಬಸ್ಸಿನಲ್ಲಿ ಹಾಗೆ ಮಾಡುವುದನ್ನು ನಾವು ಕಂಡಿರಲಿಲ್ಲ, ಅದಕ್ಕೆ. ಆದರೆ ಬಾಯಾರು ನಂಬಲಿಲ್ಲ. ಹಟದ ಹೆಂಗಸು ಎಂದೆನಲ್ಲ. ಹಿರಾಳ ಕೈ ಹಿಡಿದು ಎಳೆದು ತಂದು, ಎಲ್ಲರೆದುರು ಹೊರಸಿನ ಮೇಲೆ ಕೂಡಿಸಿದರು. “ಇಲ್ಲಿ ಕುಂಡ್ರು. ಯಾರು ಏನಂತಾರ ನಾ ನೋಡ್ತೀನಿ” ಎಂದರು.

ಹಿರಾ ಕೆಂಡ ತಾಗಿದವಳಂತೆ ಎದ್ದಳು. ಕೂಗಿ ಹೇಳಿದಳು:

“ಇದು ಶಾರದಾನ ಅಜ್ಜ ಸತ್ತ ಹೊರಸರಿ! ನಮ್ಮಪ್ಪ ಒಲ್ಲೆ ಅಂದದ್ದು! ಊರವರು ಒಲ್ಲದ್ದು ಮುಟ್ಟಬ್ಯಾಡ ಅಂತ ನಮ್ಮಪ್ಪ ಹೇಳ್ಯಾನ!”

ಅತ್ತುಕೊಂಡು ಹಳ್ಳದ ಕಡೆ ಓಡಿದಳು. ಬಾಯಾರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ನಿಧಾನವಾಗಿ ಬೇವಿನ ಬುಡಕ್ಕೆ ಹೋಗಿ ಕೂತರು. ಅಪ್ಪ ತಲೆಯೆತ್ತಿ ಒಲ್ಲೆ ಎಂದ ವಸ್ತುವಿನ ಮೇಲೆ ಮಗಳನ್ನು ತಾವೇ ರಟ್ಟೆ ಹಿಡಿದು ಕೂಡಿಸಿದ್ದರು, ಅದೂ ಉಪಕಾರವೆಂದು ತಿಳಿದು. ಆ ದಿನ ಅವರು ಮತ್ತೆ ಮಾತಾಡಲಿಲ್ಲ.

ಮಾತಾಡುವ ಕೆಲಸವನ್ನು ಊರು ಮಾಡಿತು. ಸತ್ತವನ ಹೊರಸಿನ ಮೇಲೆ ಮಕ್ಕಳನ್ನು ಕುಣಿಸುತ್ತಿದ್ದಾರೆಂದು ಮರುದಿನ ಅರ್ಧ ವರ್ಗ ಬರಲಿಲ್ಲ. ನಮ್ಮ ಆಯಿ ಬಾಯಿಗೆ ಬೀಗ ಹಾಕಿಕೊಂಡು ಒಳಗೆ ಕೂತಳು. ಬಸಯ್ಯನವರು ಕಟ್ಟಿಗೆ, ಚಿಮಣಿ ಎಣ್ಣೆ ತರಿಸಿ, “ಸುಟ್ಟು ಬಿಡೂಣ ಬಾಯಾರ, ಸುಮ್ಮನ ಯಾಕ ಊರ ಎದುರು ಹಾಕ್ಕೋತೀರಿ” ಎಂದರು.

“ಸುಡೂದಿದ್ರ ನಾಳಿ ಸುಡ್ರಿ ಮಾಸ್ತರ. ಇವತ್ತ ನಂಗ ಮಲಗೂದೈತಿ” ಎಂದರು ಬಾಯಾರು.

ಎಂದವರು ನಡುಮಧ್ಯಾಹ್ನ, ದಾರಿಯಲ್ಲಿ ಹೋಗುವವರೆಲ್ಲ ನೋಡುವಂತೆ, ಆ ಹೊರಸಿನ ಮೇಲೆ ಕಾಲು ಚಾಚಿ ಮಲಗಿದರು. ಮುಖದ ಮೇಲೆ ಛತ್ರಿ ಅಡ್ಡ ಇಟ್ಟುಕೊಂಡರು. ವಿಧವೆ ಹೆಂಗಸು, ಹಾಡುಹಗಲು, ಸತ್ತವನ ಹೊರಸು! ನಮ್ಮೂರು ಅಂಥದ್ದನ್ನು ಕಂಡಿರಲಿಲ್ಲ. ಮೂರು ದಿನ ಹಾಗೆ ಮಲಗಿದರು. ಮೂರನೆಯ ದಿನ ಅವರಿಗೆ ನಿಜವಾಗಿಯೂ ನಿದ್ದೆ ಹತ್ತಿ ಗೊರಕೆ ಹೊಡೆದರು. ಹುಡುಗರು ಬೇಲಿಯ ಆಚೆ ನಿಂತು ನಕ್ಕರು. ನಕ್ಕವರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಾಯಾರಿಗೆ ನೆಗಡಿ ಕೂಡ ಆಗಲಿಲ್ಲ ಎಂದು ಕಂಡ ಮೇಲೆ ತಾಯಂದಿರು ಸುಮ್ಮನಾದರು. ಬಸ್ಸು ಮತ್ತೆ ಅಕ್ಕಲಕೋಟಕ್ಕೆ ಹೊರಟಿತು.

ಹಿರಾ ಬರಲಿಲ್ಲ. ಒಂದು ದಿನ, ಎರಡು ದಿನ, ಆರು ದಿನ. ನನ್ನ ಪಕ್ಕದಲ್ಲಿ ಅವಳ ಗೋಣಿಚೀಲ ಮಡಿಚಿದಂತೆಯೇ ಇತ್ತು. ಬಾಯಾರು ಹಾಜರಿ ಕರೆಯುವಾಗ ಅವಳ ಹೆಸರನ್ನು ಎರಡು ಸಲ ಕರೆಯುತ್ತಿದ್ದರು. ಶನಿವಾರ ಬಂತು. ಶನಿವಾರ ಅವರು ಸೊಲ್ಲಾಪುರದ ಬಸ್ಸು ಹಿಡಿಯುವ ದಿನ. ಆ ಶನಿವಾರ ಹೋಗಲಿಲ್ಲ. ರವಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಂದು ನನ್ನನ್ನು ಕರೆದರು. “ಬಾ ನನ್ನ ಜೋಡಿ. ಹೊರಸು ನಿಮ್ಮ ಮನೀದು.”

ನಾನು ಅಲ್ಲಿಯವರೆಗೆ ಹಳ್ಳ ದಾಟಿರಲಿಲ್ಲ. ಹಳ್ಳದಲ್ಲಿ ಮೊಣಕಾಲು ನೀರಿತ್ತು. ಬಾಯಾರು ಸೀರೆ ಎತ್ತಿ ಕಟ್ಟಿ, ನನ್ನ ಕೈ ಹಿಡಿದು ದಾಟಿಸಿದರು. ದುರ್ಗಪ್ಪ ಮನೆಯ ಮುಂದೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಹಾಕುತ್ತಿದ್ದ. ಅವನ ಹೆಂಡತಿ ಭಾಗಾಬಾಯಿ ಅಂಗಳ ಸಾರಿಸುತ್ತಿದ್ದಳು. ಹಿರಾ ನಮ್ಮನ್ನು ಕಂಡು ಬಾಗಿಲ ಹಿಂದೆ ಸರಿದಳು. ದುರ್ಗಪ್ಪ ಕೈ ಒರೆಸಿಕೊಂಡು ಎದ್ದು ನಿಂತ. ಬರ್ರಿ ಎಂದ, ಕೂಡ್ರಿ ಎನ್ನಲಿಲ್ಲ.

“ಚೂಕ್ ನಂದು, ತಪ್ಪಾತು ದುರ್ಗಪ್ಪಾ” ಎಂದರು ಬಾಯಾರು. “ಆ ಹೊರಸಿನ ಸುದ್ದಿ ನಂಗ ಗೊತ್ತಿದ್ದಿಲ್ಲ. ಗೊತ್ತಿಲ್ಲದಂಗ ಕೂಸಿಗೆ ಜುಲುಮಿ ಮಾಡಿದೆ.”

“ಹೊರಸು ಒಂದ ಅಲ್ರಿ ಬಾಯಾರ.” ದುರ್ಗಪ್ಪನ ದನಿ ಏರಲಿಲ್ಲ. “ನಿಮ್ಮ ಬೈಲಾಗ ಇರೂದೆಲ್ಲಾ ಯಾರೋ ಒಲ್ಲೆ ಅಂದು ಒಗದದ್ದು. ನಿಮ್ಮ ಹುಡುಗರಿಗೆ ಅದು ಆಟ. ನಮ್ಮಪ್ಪ, ನಮ್ಮಜ್ಜ ಅದರಾಗ ಜನ್ಮ ಕಳದಾರ. ಒಗದದ್ದು ಉಂಡ್ರು, ಒಗದದ್ದು ಉಟ್ರು. ನನ್ನ ಮಗಳ ಕೈಗೆ ಆ ರೂಢಿ ಬ್ಯಾಡ ಅಂತ ನಾ ಸಾಲಿಗೆ ಹಾಕೀನಿ. ನೀವು ಸಾಲ್ಯಾಗೂ ಅದನ್ನ ತಂದು ಇಟ್ರಿ.”

ಬಾಯಾರು ಎತ್ತಿ ಕಟ್ಟಿದ್ದ ಸೀರೆಯನ್ನು ಇಳಿಸಿಕೊಂಡರು. ನಾನು ಅವರ ಸೀರೆಯ ಸೆರಗು ಹಿಡಿದು ನಿಂತಿದ್ದೆ. ಆಮೇಲೆ ಬಾಯಾರು ಹೇಳಿದರು:

“ಇನ್ನೊಂದ ಚೂಕ್ ಐತಿ. ನಲವತ್ತ ಹುಡುಗರಾಗ ಮೂವತ್ತೊಂಬತ್ತ ಮನಿಗೆ ಏನಾರ ಕೊಡ್ರಿ ಅಂತ ಕೇಳಿದೆ. ನಿಮ್ಮನಿಗೆ ಕೇಳಲಿಲ್ಲ. ಇವರ ಹತ್ರ ಕೊಡಾಕ ಏನಿದ್ದೀತು ಅಂದುಕೊಂಡೆ. ಈಗ ಕೇಳಾಕ ಬಂದೀನಿ. ಸಾಲಿಗೆ ಏನಾರ ಕೊಡ್ರಿ.”

ದುರ್ಗಪ್ಪ ಭಾಗಾಬಾಯಿಯ ಮುಖ ನೋಡಿದ. ಆ ಕೇರಿಗೆ ಬಂದು ಕೊಡಿ ಎಂದು ಕೈಚಾಚಿದವರನ್ನು ಅವರಿಬ್ಬರೂ ಕಂಡಿರಲಿಲ್ಲ. ಅವನು ಸಣ್ಣಗೆ ನಕ್ಕ.

“ನಮ್ಮನ್ಯಾಗ ಬ್ಯಾಡಾದದ್ದು ಅಂತ ಏನೂ ಇಲ್ರಿ ಬಾಯಾರ.”

“ಹಂಗಾರ ಬೇಕಾದದ್ದು ಕೊಡ್ರಿ.”

ಈ ಮಾತನ್ನು ಬಾಯಾರು ಯೋಚಿಸಿ ಹೇಳಿದರೋ ಬಾಯಿಗೆ ಬಂದದ್ದೋ ನನಗೆ ಗೊತ್ತಿಲ್ಲ. ದುರ್ಗಪ್ಪ ನಗುವುದನ್ನು ನಿಲ್ಲಿಸಿದ. ಒಳಗೆ ತಿರುಗಿ, “ಹಿರಾ, ನಿಮ್ಮ ಬಸ್ಸಿಗೆ ಏನ ಕಮ್ಮಿ ಬಿದ್ದೈತಿ?” ಎಂದು ಕೇಳಿದ.

ಬಾಗಿಲ ಹಿಂದಿನಿಂದ ತಡವಿಲ್ಲದೆ ಉತ್ತರ ಬಂತು. “ಗಂಟಿ.”

ದುರ್ಗಪ್ಪ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದ. ಹ್ಯಾಂಡಲಿಗೆ ಒಂದು ಗಂಟೆ ಇತ್ತು. ಹೊಸದು, ಮುಖ ಕಾಣುವಷ್ಟು ಹೊಳಪು. ದಿನಾ ಬೆಳಿಗ್ಗೆ ಅದನ್ನು ಅವನು ಒರೆಸುತ್ತಿದ್ದನಂತೆ. ಪಾನು ತೆಗೆದುಕೊಂಡು ನಟ್ಟು ಬಿಚ್ಚಿದ. ಭಾಗಾಬಾಯಿ ಸಾರಿಸುವ ಕೈ ನಿಲ್ಲಿಸಿ ನೋಡಿದಳು. ಗಂಟೆಯನ್ನು ಅವನು ಬಾಯಾರ ಕೈಗೆ ಕೊಡಲಿಲ್ಲ. ತನ್ನ ಕರವಸ್ತ್ರದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟ. “ನಾಳಿ ಸಾಲಿಗೆ ಒಯ್ದು ಕೊಡು. ನಮ್ಮನಿಯಿಂದ ಅಂತ ಹೇಳು” ಎಂದ.

ಹಳ್ಳ ದಾಟುವಾಗ ಬಾಯಾರು ಅಳುತ್ತಿದ್ದರು. ನನಗೆ ಯಾಕೆಂದು ತಿಳಿಯದೆ ನಾನೂ ಅತ್ತೆ. ಮನೆಗೆ ಬಂದ ಮೇಲೆ ಆಯಿ ನನ್ನನ್ನು ಹಿತ್ತಲಿನಲ್ಲೇ ನಿಲ್ಲಿಸಿ, ತಲೆಯ ಮೇಲೆ ಎರಡು ಕೊಡ ನೀರು ಸುರಿದು ಒಳಗೆ ಕರೆದುಕೊಂಡಳು.

ಸೋಮವಾರ ಹಿರಾ ಬಂದಳು. ಕರವಸ್ತ್ರ ಬಿಚ್ಚಿ ಗಂಟೆ ತೋರಿಸಿದಾಗ ಹುಡುಗರೆಲ್ಲ ಸುತ್ತ ಮುತ್ತಿಕೊಂಡರು. ಆ ರಾಶಿಯಲ್ಲಿ ಒಡೆಯದ, ಹರಿಯದ, ಮುರಿಯದ ವಸ್ತು ಅದೊಂದೇ ಇತ್ತು. ಬಾಯಾರು ಅದನ್ನು ಹೊರಸಿನ ಹಿಂದಿನ ಕೋಲಿಗೆ ಬಿಗಿದರು. ಗಂಟೆ ಯಾರದೋ ಅವರೇ ಕಂಡಕ್ಟರ್ ಎಂದರು. ಜಟ್ಟೆಪ್ಪನ ಮುಖ ಬಾಡಿತು, ಆದರೂ ಚೀಲ ಕೊಟ್ಟ. ಹಿರಾ ಹಿಂದೆ ಒಂದು ಡಬ್ಬಿಯ ಮೇಲೆ ನಿಂತಳು. ಆ ಚಿಮಣಿ ಎಣ್ಣೆಯ ಡಬ್ಬಿಯನ್ನು ಬಾಯಾರು ಹಿಂದಿನ ಸಂಜೆ ಅಂಗಡಿಯಿಂದ ಹೊಸದಾಗಿ ತಂದಿದ್ದರು. ಕಂಡಕ್ಟರಿಗೆ ಕೂಡುವ ಕೆಲಸವಿಲ್ಲವಾದ್ದರಿಂದ ಅವಳು ಆ ಹೊರಸಿನ ಮೇಲೆ ಒಂದು ದಿನವೂ ಕೂಡಲಿಲ್ಲ. ತಂದೆಯ ಮಾತೂ ಉಳಿಯಿತು, ಆಟವೂ ಸಿಕ್ಕಿತು. ಅವಳು ಎರಡು ಗಂಟೆ ಹೊಡೆದಳು. ನಲವತ್ತು ಗಂಟಲುಗಳಿಂದ ಗಾಡಿ ಹೊರಟಿತು.

ಆ ಸದ್ದು ಊರೊಳಗೆ ಕೇಳಿಸಿತು. ಗಂಟೆ ಎಲ್ಲಿಯದೆಂಬ ಸುದ್ದಿಯೂ ಅದರ ಬೆನ್ನಿಗೇ ಹೋಯಿತು. ಮಧ್ಯಾಹ್ನ ಆಯಿ ನನ್ನನ್ನು ಎಳೆದೊಯ್ಯಲು ಬಂದಳು. ಗಂಡ ಹೋದ ಮೇಲೆ ಅವಳು ಆ ಹೊರಸನ್ನು ಕಣ್ಣೆತ್ತಿ ನೋಡಿರಲಿಲ್ಲ. ಬೇಲಿಯ ಹತ್ತಿರ ನಿಂತವಳು ನಿಂತೇ ಇದ್ದಳು. ಹೊರಸಿಗೆ ಗಾಲಿ ಬಂದಿದ್ದವು, ಮೇಲೆ ಅವಳೇ ಹೊಲಿದ ಕೌದಿ ಇತ್ತು, ಕಿಟಕಿಗಳಿಲ್ಲದ ಕಿಟಕಿಗಳಿಂದ ಹುಡುಗರು ಕೈ ಬೀಸುತ್ತಿದ್ದರು.

“ಎಲ್ಲಿಗೆ ಹೊಂಟೈತಿ ಇದು?” ಎಂದು ಕೇಳಿದಳು. ಯಾರನ್ನು ಕೇಳಿದಳೋ.

ಉತ್ತರ ಕೊಟ್ಟದ್ದು ಕಂಡಕ್ಟರ್. “ಅಕ್ಕಲಕೋಟಕ್ಕರಿ ಆಯಿ. ಬರೂದಿದ್ರ ಲಗೂನ ಹತ್ರಿ. ಗಾಡಿ ನಿಂದರಂಗಿಲ್ಲ.”

ಅಜ್ಜ ಆ ಆರು ತಿಂಗಳೂ ಒಂದೇ ಮಾತು ಹೇಳುತ್ತಿದ್ದ: ಎದ್ದು ಕೂತರೆ ಸಾಕು, ಒಮ್ಮೆ ಎಸ್ಟಿ ಹತ್ತಿ ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಗಳ ದರ್ಶನ ಮಾಡಿ ಬರುತ್ತೇನೆ ಎಂದು. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಬಸ್ಸು ಹತ್ತಲಿಲ್ಲ. ನನ್ನನ್ನು ಇಳಿಸಿಕೊಂಡೂ ಹೋಗಲಿಲ್ಲ. ಹಿರಾ ಎರಡು ಗಂಟೆ ಹೊಡೆಯುವವರೆಗೆ ನಿಂತಿದ್ದು, ಹೊರಳಿ ಮನೆಗೆ ನಡೆದಳು. ಅಂದು ಸಂಜೆ ನಾನು ಮನೆಗೆ ಬಂದಾಗ ತಲೆಯ ಮೇಲೆ ನೀರು ಸುರಿಯಲಿಲ್ಲ, ಮುಂದೆಂದೂ ಸುರಿಯಲಿಲ್ಲ.

ದುರ್ಗಪ್ಪ ಗಂಟೆಯಿಲ್ಲದೆ ಮಿಲ್ಲಿಗೆ ಹೋಗತೊಡಗಿದ. ಮಧ್ಯಾಹ್ನದ ಪಾಳಿ ಇದ್ದ ವಾರ ನಮ್ಮ ಬಯಲಿನ ಬದಿಯಿಂದ ಹೋಗುವಾಗ, ದನಕರು, ಮಕ್ಕಳು ಅಡ್ಡ ಬಂದರೆ “ಟ್ರಿಣ್ ಟ್ರಿಣ್” ಎಂದು ಬಾಯಿಂದಲೇ ಕೂಗುತ್ತಿದ್ದ. ಮಗಳು ಬಯಲಿನಿಂದ ನಿಜವಾದ ಗಂಟೆ ಹೊಡೆದು ಉತ್ತರ ಕೊಡುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಬಾಯಾರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮುಂದಿನ ಸೋಮವಾರ ಸೊಲ್ಲಾಪುರದಿಂದ ಅಂಥದೇ ಹೊಸ ಗಂಟೆ ತಂದು, ದಾರಿಯಲ್ಲಿ ಅವನನ್ನು ನಿಲ್ಲಿಸಿ ಮುಂದೆ ಹಿಡಿದರು. ದುರ್ಗಪ್ಪ ಸೈಕಲ್ಲಿನಿಂದ ಇಳಿದು ಕೈಮುಗಿದ.

“ಬ್ಯಾಡ್ರಿ ಬಾಯಾರ. ಬದಲಿ ತಗೊಂಡ್ರ ನಾ ಕೊಟ್ಟಂಗ ಹ್ಯಾಂಗ ಆಗ್ತದ?”

ಹೀಗೆಂದು ಪೆಡಲು ತುಳಿದು ಹೋದ. ಬಾಯಾರು ಗಂಟೆ ಹಿಡಿದುಕೊಂಡು ದಾರಿಯ ಮಧ್ಯೆ ನಿಂತಿದ್ದರು.

ಐದು ವರ್ಷದ ಮೇಲೆ ಅವರಿಗೆ ವಾಗದರಿ ಕಡೆ ವರ್ಗವಾಯಿತು. ಆಮೇಲೆ ಇನ್ನೂ ನಾಲ್ಕು ಊರು. ಎಲ್ಲ ಊರಲ್ಲೂ ಬಯಲಿನ ಆಟ ನಡೆಸಿದರು. ಆದರೆ ಕೇಳುವ ರೀತಿ ಬದಲಾಗಿತ್ತು. ಊರಿನ ಕಟ್ಟಕಡೆಯ ಮನೆಯಿಂದ ಮೊದಲು ಮಾಡುತ್ತಿದ್ದರು, ಮತ್ತು ಪ್ರತಿ ಮನೆಯಿಂದ ಎರಡು ವಸ್ತು ಕೇಳುತ್ತಿದ್ದರು: ಬ್ಯಾಡಾದದ್ದು ಒಂದು, ಬೇಕಾದದ್ದು ಒಂದು. ಎರಡನೆಯದನ್ನು ಕೇಳಿದಾಗ ದೊಡ್ಡ ದೊಡ್ಡ ಮನೆಯವರು ಹ್ಯಾಗೆ ಮಾತು ತಪ್ಪಿಸುತ್ತಿದ್ದರು ಎಂದು ನನ್ನೆದುರು ನಟಿಸಿ ತೋರಿಸಿ ನಗುತ್ತಿದ್ದರು. ನಿವೃತ್ತಿಯ ಮೇಲೆ ಸೊಲ್ಲಾಪುರದಲ್ಲಿ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಅಣ್ಣನ ಮಕ್ಕಳು ಕರೆದರೂ ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಛತ್ರಿ, ಮತ್ತು ದುರ್ಗಪ್ಪ ಒಲ್ಲೆ ಎಂದಿದ್ದ ಆ ಗಂಟೆ. ಅರಿವೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು.

ಹಿರಾ ದವಾಖಾನೆಯಲ್ಲಿ ಸಿಸ್ಟರ್ ಆಗಿ ಮೂವತ್ತು ವರ್ಷ ದುಡಿದು ಈಗ ನನ್ನ ಹಾಗೆಯೇ ಮೊಣಕಾಲು ನೋವಿನ ಮುದುಕಿಯಾಗಿದ್ದಾಳೆ. ಆ ಪಾಲಕರ ಸಭೆಯ ಮರುದಿನ ನಮ್ಮ ಮನೆಗೆ ಬಂದಿದ್ದಳು. ನಾನು ಗಂಟೆ ತೆಗೆದು ಅವಳ ಮುಂದಿಟ್ಟೆ.

“ಇದು ನಿಮ್ಮ ಮನಿಗೆ ಸೇರಬೇಕಾದದ್ದು. ತಗೋ” ಎಂದೆ.

ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿದಳು. ನಾನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಅವಳು ತೆಗೆದುಕೊಳ್ಳಲಿ ಎಂದು ನನಗೆ ಬಹಳ ಆಸೆಯಿತ್ತು. ಏಳು ವರ್ಷದವಳಿದ್ದಾಗ ಸರಿದು ಕೂತದ್ದು ಇಷ್ಟರಿಂದ ತೀರಿಹೋಗಲಿ ಎಂದಿತ್ತು.

“ನಮ್ಮಪ್ಪ ಒಲ್ಲೆ ಅಂದದ್ದು ನಾ ಹ್ಯಾಂಗ ತಗೊಳ್ಳಿ ಶಾರದಾ?” ಎಂದಳು. “ನಿನ್ನ ಹತ್ರಾನ ಇರಲಿ.”

ಅವಳು ಗಂಟೆಯನ್ನು ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ, ನಾನು ಕೂತಿದ್ದ ಮಂಚದ ಮೇಲೆ, ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ಸರಿಯಲಿಲ್ಲ.

“ತಗೊಳ್ಳಂಗಿಲ್ಲ. ಹೊಡ್ಯಾಕ ಏನೂ ಅಡ್ಡಿ ಇಲ್ಲ” ಎಂದಳು.

ಎರಡು ಸಲ ಹೊಡೆದಳು. ಅರವತ್ತು ವರ್ಷ ಸುಮ್ಮನಿದ್ದ ಗಂಟೆ ಚೆನ್ನಾಗಿಯೇ ನುಡಿಯಿತು.